ಅಪ್‌ಡೇಟ್: ಅಂಗವೈಕಲ್ಯ ಅಧ್ಯಯನದ ಎಂಎ ಮಾಡಿದರೆ ವಿಶೇಷ ಶಿಕ್ಷಕರಾಗಬಹುದೇ?

ಹಿಂದೆ ಕೇಳಿದ್ದ ಪ್ರಶ್ನೆ ಇಷ್ಟೇ: ಎಂಎ ಮುಗಿಸಿ ನೇರವಾಗಿ ವಿಶೇಷ ಶಿಕ್ಷಕರ (ಅಂಗವಿಕಲ ಮಕ್ಕಳಿಗೆ ಕಲಿಸುವವರ) ಹುದ್ದೆಗೆ ಅರ್ಜಿ ಹಾಕಬಹುದೇ? ಉತ್ತರ ಸಿಕ್ಕಿದೆ: ಅದೊಂದೇ ಸಾಲದು.

ಅಂಗವೈಕಲ್ಯ ಅಧ್ಯಯನ ಮೂಲತಃ ಸಮಾಜವಿಜ್ಞಾನ. ಹಕ್ಕು, ನೀತಿ, ಸಂಶೋಧನೆಯ ಕೆಲಸಕ್ಕೆ ಒದಗುತ್ತದೆ. ತರಗತಿಗೆ ಬೇಕಾದದ್ದು ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಮಾನ್ಯ ಮಾಡಿದ ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಬಿ.ಎಡ್., ಜೊತೆಗೆ ಪರಿಷತ್ತಿನ ನೋಂದಣಿ ಸಂಖ್ಯೆ. 1992ರ ಭಾರತೀಯ ಪುನರ್ವಸತಿ ಪರಿಷತ್ತು ಕಾಯ್ದೆಯ 13ನೇ ಕಲಂ ಪ್ರಕಾರ ನೋಂದಣಿಯಿಲ್ಲದೆ ವೃತ್ತಿ ನಡೆಸುವುದು ಶಿಕ್ಷಾರ್ಹ.

ಹೆಚ್ಚಿನವರು ಎಡವುವುದು ಇಲ್ಲಿ: ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆ ಎಂದು ನಿಶ್ಚಿಂತರಾಗುತ್ತಾರೆ. ನೋಡಬೇಕಾದದ್ದು ಆ ಕೋರ್ಸಿಗೆ, ಆ ಕೇಂದ್ರಕ್ಕೆ, ನೀವು ಸೇರುವ ವರ್ಷಕ್ಕೆ ಆರ್‌ಸಿಐ ಅನುಮೋದನೆ ಇದೆಯೇ ಎಂದು. ಶುಲ್ಕ ಕಟ್ಟುವ ಮೊದಲೇ ಪರಿಷತ್ತಿನ ಪಟ್ಟಿಯಲ್ಲಿ ಹುಡುಕಿ, ಪ್ರತಿ ಇಟ್ಟುಕೊಳ್ಳಿ.

ನೋಂದಣಿ ನವೀಕರಣಕ್ಕೆ ಮುಂದುವರಿಕೆ ಶಿಕ್ಷಣದ (ಸಿಆರ್‌ಇ) ಅಂಕಗಳೂ ಬೇಕು. ಅನುಮೋದನೆ ಇಲ್ಲದ ಕಾರ್ಯಾಗಾರದ ಪ್ರಮಾಣಪತ್ರ ಗೋಡೆಗೆ ಚೆಂದ, ಅಂಕಕ್ಕಲ್ಲ.

ಇನ್ನೊಂದು: ಕನಿಷ್ಠ 40% ಅಂಗವೈಕಲ್ಯವಿರುವ ಅಭ್ಯರ್ಥಿಗಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 32ನೇ ಕಲಂ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5% ಸೀಟು ಮೀಸಲು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ.