ಚೆನ್ನೈಯ ಲಿಟಲ್ ಮೌಂಟ್ ಗುಹೆ: ಮೊಣಕಾಲು ನೋವಿರುವ ಅತ್ತೆಯನ್ನು ಕರ್ಕೊಂಡು ಹೋಗ್ಬಹುದಾ?

ಕುಲಶೇಖರದವಳು:
ಮುಂದಿನ ತಿಂಗಳು ಮದುವೆಗೆ ಚೆನ್ನೈಗೆ ಹೋಗ್ಲಿಕ್ಕುಂಟು. ಯೇಸುವಿನ ಶಿಷ್ಯ ಸಂತ ಥಾಮಸರು ಅಡಗಿ ಕೂತಿದ್ದರೆನ್ನುವ ಗುಹೆಯೊಳಗೆ ಒಂದು ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳ್ಬೇಕಂತೆ ನಮ್ಮ ಅತ್ತೆಗೆ. ವಯಸ್ಸು 71, ಎರಡೂ ಮೊಣಕಾಲು ನೋವು. ನೆಲ್ಲಿತೀರ್ಥದ ಗುಹೆಯಲ್ಲಿ ತೆವಳಿಕೊಂಡು ಹೋದ ಕಥೆ ಪಕ್ಕದ್ಮನೆಯವರು ಹೇಳಿದ ಮೇಲೆ ನನಗೇ ಹೆದರಿಕೆ. ಇಲ್ಲಿ ಹೇಗೆ? ಹೋದವರು ಯಾರಾದ್ರೂ ಇದ್ದೀರಾ?

ಉದ್ಯಾವರದ ಹುಡುಗ:
ಎರಡು ವರ್ಷದ ಹಿಂದೆ ಅಮ್ಮನ ಜೊತೆ ಹೋಗಿದ್ದೆ. ನೆಲ್ಲಿತೀರ್ಥದಷ್ಟು ಉದ್ದ ಇಲ್ಲ ಮಾರಾಯ್ರೆ, ಹಳೇ ಮನೆಯ ಉಗ್ರಾಣದಷ್ಟು ಜಾಗ. ತೆವಳುವುದೆಲ್ಲ ಇಲ್ಲ, ಬಾಗಿಲು ಮಾತ್ರ ತಗ್ಗು. ಅಮ್ಮನಿಗೆ "ತಲೆ ಜಾಗ್ರತೆ, ತಲೆ ಜಾಗ್ರತೆ" ಅನ್ನುತ್ತಾ ನನ್ನ ಹಣೆಯನ್ನೇ ಬಂಡೆಗೆ ಬಡಿದುಕೊಂಡೆ. ಒಳಗೆ ಚಿಕ್ಕ ಬಲಿಪೀಠ, ಮೇಣದ ವಾಸನೆ, ಸೆಕೆ.

ಬಂಡೆಯಲ್ಲಿ ಒಂದು ಕಂಡಿ ಉಂಟು. ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳಲು ಸಂತರು ಅದರಲ್ಲೇ ನುಸುಳಿ ದೊಡ್ಡ ಬೆಟ್ಟದ ಕಡೆಗೆ, ಅಂದ್ರೆ ಈಗಿನ ಸೇಂಟ್ ಥಾಮಸ್ ಮೌಂಟ್‌ಗೆ, ಹೋದರಂತೆ. ಹತ್ತಿರದಲ್ಲೇ ಅವರ ಅಂಗೈ ಗುರುತು ಅಂತ ತೋರಿಸ್ತಾರೆ. ಅಮ್ಮ ಅದರೆದುರು ತನ್ನ ಕೈ ಹಿಡಿದು ನೋಡಿ, "ಇಷ್ಟು ದೊಡ್ಡ ಕೈಯವರು ಇಷ್ಟು ಸಣ್ಣ ಕಂಡಿಯಲ್ಲಿ ಹೇಗೆ ನುಸುಳಿದ್ರು ಮಗಾ?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಿಜೈ_ಬಸ್‌ಸ್ಟ್ಯಾಂಡ್:
ಸಂತ ಥಾಮಸರು ಕ್ರಿ.ಶ. 52ರಲ್ಲಿ ಭಾರತಕ್ಕೆ ಬಂದ್ರು ಅಂತಾರೆ. ದಾಖಲೆ ಎಲ್ಲುಂಟು?

ಉದ್ಯಾವರದ ಹುಡುಗ:
ಪೋರ್ಚುಗೀಸರು ಅಲ್ಲಿ ಇಗರ್ಜಿ (ಚರ್ಚ್) ಕಟ್ಟಿದ್ದು 1551ರಲ್ಲಿ, ಅದು ಗಟ್ಟಿ. ಅದಕ್ಕಿಂತ ಹಿಂದಿನದ್ದು ಬಾಯಿಂದ ಬಾಯಿಗೆ ಬಂದದ್ದು. ಕದ್ರಿ ಗುಡ್ಡೆಯ ಗುಹೆಗಳಲ್ಲಿ ಪಾಂಡವರಿದ್ರು ಅಂತಾರಲ್ಲ, ಅಲ್ಲಿ ಹೋಗಿ ದಾಖಲೆ ಕೇಳಿದ್ರಾ? ಅವರ ಅತ್ತೆ ಹೋಗುವುದು ತೇರ್ಸ್ ಹೇಳ್ಲಿಕ್ಕೆ, ಥೀಸಿಸ್ ಬರೀಲಿಕ್ಕಲ್ಲ.

ಚೆನ್ನೈಯ ಮಂಗ್ಳೂರಿಗ:
ಸೆಂಟ್ರಲ್‌ನಲ್ಲಿ ಇಳಿದು ಏರ್‌ಪೋರ್ಟ್ ಕಡೆಯ ನೀಲಿ ಲೈನ್ ಮೆಟ್ರೋ ಹಿಡೀರಿ, ಸೈದಾಪೇಟೆ ಆದ ಕೂಡ್ಲೆ ಲಿಟಲ್ ಮೌಂಟ್. ಆಟೋದವರಿಗಾದ್ರೆ "ಚಿನ್ನಮಲೈ" ಅನ್ನಿ. ಮೊದಲು ಕಣ್ಣಿಗೆ ಬೀಳುವುದು ದುಂಡಗಿನ ಹೊಸ ಇಗರ್ಜಿ. ಗುಹೆ ಬೇಕಾದ್ರೆ ಹಳೆಯದನ್ನು ಕೇಳಿ. ದೊಡ್ಡ ಬೆಟ್ಟಕ್ಕೂ ಹೋಗುವುದಾದ್ರೆ ಮೆಟ್ಟಿಲು ಬೇಡ, ಮೇಲಿನ ತನಕ ಕಾರು ಹೋಗ್ತದೆ.

ಕುಲಶೇಖರದವಳು:
ಎಲ್ಲ ಅತ್ತೆಗೆ ಓದಿ ಹೇಳಿದೆ. "ಕೈ ಅಷ್ಟು ದೊಡ್ಡದಾ?" ಅಂತ ಎರಡು ಸಲ ಕೇಳಿದ್ರು, ಮೊಣಕಾಲಿನ ಸುದ್ದಿಯೇ ಇಲ್ಲ. ಇನ್ನು ಮಂಗ್ಳೂರು ಮೇಲ್‌ನಲ್ಲಿ ಅವರಿಗೊಂದು ಲೋವರ್ ಬರ್ತ್ ಸಿಕ್ಕಿದ್ರೆ ಆಯ್ತು.