ಅಪ್‌ಡೇಟ್: ಕೋರಿ ರೊಟ್ಟಿ ಜೊತೆ ವೈನ್

ಮಂಗಳೂರಿನ ನಮ್ಮ ಮನೆಗೆ ಗೆಳೆಯರು ಬರ್ತಾರೆ, ಕೋರಿ ರೊಟ್ಟಿಗೆ (ಗರಿಗರಿ ಅಕ್ಕಿ ರೊಟ್ಟಿ, ಜೊತೆಗೆ ಕೋಳಿ ಗಸಿ), ಅಂಜಲ್ ಮೀನಿನ ಫ್ರೈಗೆ ಯಾವ ವೈನ್ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಶನಿವಾರ ಊಟ ಆಯಿತು.

ನೀವು ಬೇಡ ಅಂದರೂ ಒಂದು ಕ್ಯಾಬರ್ನೆ ಸುವಿನ್ಯೋನ್ ತಂದಿದ್ದೆ. ತಪ್ಪು ನನ್ನದೇ. ಗಸಿಯ, ಅಂದರೆ ತೆಂಗಿನ ಹಾಲಿನ ಕೋಳಿ ಸಾರಿನ, ಖಾರಕ್ಕೆ ಆ ಕೆಂಪು ವೈನಿನ ಒಗರು ಸೇರಿ ನಾಲಿಗೆ ಇನ್ನೂ ಜಾಸ್ತಿ ಉರಿಯಿತು. ಒಬ್ಬನಂತೂ ಗ್ಲಾಸ್ ಪಕ್ಕಕ್ಕಿಟ್ಟು ಮಜ್ಜಿಗೆ ಕೇಳಿದ!

ಗೆದ್ದದ್ದು ನಾಸಿಕ್‌ನ ಬಿಳಿ ವೈನ್, ಶೆನಿನ್ ಬ್ಲಾಂಕ್. ಸ್ವಲ್ಪ ಸಿಹಿ, ಸ್ವಲ್ಪ ಹುಳಿ. ನಮ್ಮ ಸೆಕೆಗೆ ಬಾಟಲಿ ಬೇಗ ಬೆವರುತ್ತದೆ, ಹಾಗಾಗಿ ಬಕೆಟ್‌ನಲ್ಲಿ ಐಸ್ ಜೊತೆ ನೀರೂ ಹಾಕಿ ಇಟ್ಟಿದ್ದೆ. ಬರೀ ಐಸಿಗಿಂತ ಬೇಗ ತಣ್ಣಗಾಗುತ್ತದೆ. ಗಸಿಯಲ್ಲಿ ನೆನೆದು ಮೆತ್ತಗಾದ ರೊಟ್ಟಿ, ಮೇಲೊಂದು ಗುಟುಕು. ತೆಂಗಿನ ಹಾಲಿಗೆ ಒಳ್ಳೇ ಜೋಡಿ. ಅಂಜಲ್‌ಗೂ ಅದೇ ಸಾಕಾಯಿತು.

ಕೆಂಪು ಬಾಟಲಿ ಮುಕ್ಕಾಲು ಉಳಿದಿದೆ. ಯಾರಿಗಾದರೂ ಬೇಕಾ?