ಮರಿಗೆ ಜ್ವರ ಇಲ್ಲ, ಆದರೆ ಹಣೆ ಮೇಲೆ ಹಾಲು ಒಣಗಿದೆ. ಕಾಯಬಹುದಾ?

ಪ್ರಶ್ನೆ:
ನಮ್ಮ ಕುದುರೆ ಮರಿ ಹಾಕಿ 14 ಗಂಟೆ ಆಯ್ತು. ಮರಿ ಎದ್ದು ನಿಲ್ಲೋಕೆ ಒಂದೂವರೆ ಗಂಟೆ ತಗೊಂಡಿತು. ಕೆಚ್ಚಲ ಹತ್ತಿರ ಹೋಗಿ ಮೂತಿ ತಿಕ್ಕುತ್ತೆ, ಆಮೇಲೆ ಮಲಗಿಬಿಡುತ್ತೆ. ಹಣೆ ಮೇಲೆಲ್ಲ ಹಾಲು ಒಣಗಿ ಕೂದಲು ಅಂಟಿಕೊಂಡಿದೆ. ಥರ್ಮಾಮೀಟರ್‌ನಲ್ಲಿ 100.4 ಫ್ಯಾರನ್‌ಹೀಟ್. ಎದೆಬಡಿತ ನಿಮಿಷಕ್ಕೆ 112. ದೊಡ್ಡ ಕುದುರೆಗೆ 28ರಿಂದ 44 ಅಂತ ಓದಿದ್ದೆ, ಅದಕ್ಕೇ ಭಯ. ನಾಳೆ ಬೆಳಗ್ಗೆವರೆಗೆ ನೋಡಲಾ?

ಉತ್ತರ 1:
ಬೇಡ, ಈಗಲೇ ಡಾಕ್ಟರನ್ನು ಕರೆಸಿ. ನಾನೂ ಪಶುವೈದ್ಯ. 112ಕ್ಕೆ ಹೆದರಬೇಡಿ, ಮೊದಲ ವಾರ 80ರಿಂದ 120 ಸಹಜವೇ. ನನಗೆ ಭಯ ಹುಟ್ಟಿಸಿದ್ದು ಆ ಹಣೆಯ ಹಾಲು. ಹಾಲು ಇಳಿಯುತ್ತಿದೆ, ಮರಿಯ ತಲೆ ಮೇಲೆ ಸೋರುತ್ತಿದೆ, ಬಾಯಿಗೆ ಹೋಗುತ್ತಿಲ್ಲ. ಜ್ವರ ಇಲ್ಲ ಅಂತ ಸಮಾಧಾನಪಡುವ ಹಾಗೂ ಇಲ್ಲ. ರಕ್ತಕ್ಕೆ ನಂಜು ಏರಿದ ಎಳೆಮರಿಯ ಮೈ ಬಿಸಿ ಸರಿಯಾಗಿಯೇ ಇರಬಹುದು, ಕೆಲವೊಮ್ಮೆ ತಣ್ಣಗೂ ಆಗಿರುತ್ತೆ.

ನಾನು ಲಾಯಕ್ಕೆ ಹೋದರೆ ಮೊದಲು ಬಾಗಿಲಲ್ಲೇ ಹತ್ತು ನಿಮಿಷ ಸುಮ್ಮನೆ ನಿಂತು ನೋಡುತ್ತೇನೆ. ಆಮೇಲೆ ಕೈ ಹಾಕುವುದು ಮರಿಗಲ್ಲ, ತಾಯಿಯ ಕೆಚ್ಚಲಿಗೆ. ಗಟ್ಟಿಮುಟ್ಟಾದ ಮರಿ ಗಂಟೆಗೆ ಐದಾರು ಸಲ ಕುಡಿಯುತ್ತೆ, ಕೆಚ್ಚಲು ಮೆತ್ತಗಿರುತ್ತೆ. ಬಿಗಿದು ಹಾಲು ತೊಟ್ಟಿಕ್ಕುತ್ತಿದ್ದರೆ ಮರಿ ಹಸಿದಿದೆ. ವಸಡು, ಹೊಕ್ಕುಳು, ಕೀಲುಗಳ ಊತ ಎಲ್ಲ ಆಮೇಲೆ ನೋಡಿದರಾಯ್ತು.

ಅವಸರ ಯಾಕೆ ಅಂದರೆ, ರೋಗ ತಡೆಯುವ ಶಕ್ತಿ ಮರಿಗೆ ಗಿಣ್ಣುಹಾಲಿನಿಂದಲೇ ಬರಬೇಕು. ಅದನ್ನು ಹೀರುವ ಶಕ್ತಿ ಕರುಳಿಗೆ 12 ಗಂಟೆ ಹೊತ್ತಿಗೆ ಬಹಳ ಇಳಿದಿರುತ್ತೆ, 24ಕ್ಕೆ ಮುಗಿದೇ ಹೋಗುತ್ತೆ. ರಕ್ತದ ಐಜಿಜಿ (ರೋಗ ತಡೆಯುವ ಪ್ರೋಟೀನ್) ಪರೀಕ್ಷೆ ಮಾಡಿಸಿ. 800 ಮಿಲಿಗ್ರಾಂ ದಾಟಿದ್ದರೆ (ಡೆಸಿಲೀಟರ್‌ಗೆ) ನೆಮ್ಮದಿ, 400ಕ್ಕಿಂತ ಕಡಿಮೆ ಇದ್ದರೆ ಪ್ಲಾಸ್ಮಾ (ಬೇರೆ ಕುದುರೆಯ ರಕ್ತದಿಂದ ತೆಗೆದ ತಿಳಿ ದ್ರವ) ಕೊಡಬೇಕಾಗುತ್ತೆ.

ಉತ್ತರ 2:
ಡಾಕ್ಟರ್ ಬರುವ ತನಕ ಬಾಟಲಿಯಲ್ಲಿ ಹಾಲು ಹುಯ್ಯಬೇಡಿ. ಚೀಪೋಕೆ ಶಕ್ತಿಯಿಲ್ಲದ ಮರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಹಿಡಿಯುವಾಗ ಒಂದು ತೋಳು ಎದೆಗೆ ಅಡ್ಡ, ಇನ್ನೊಂದು ಹಿಂದೆ ಪೃಷ್ಠಕ್ಕೆ. ಹೊಟ್ಟೆ ಕೆಳಗೆ ಕೈ ಕೊಟ್ಟು ಎತ್ತಬೇಡಿ, ತಾಯಿ ಕಣ್ಣಿಂದ ಮರೆಮಾಡಲೂಬೇಡಿ. ಮಾಸು ಬಿದ್ದಿದೆಯಾ? ಮೂರು ಗಂಟೆಯೊಳಗೆ ಬೀಳಬೇಕು. ಬಿದ್ದಿದ್ದರೆ ಬಕೆಟ್‌ನಲ್ಲಿ ಇಟ್ಟಿರಿ, ಡಾಕ್ಟರ್ ಹರಡಿ ನೋಡುತ್ತಾರೆ.

ಪ್ರಶ್ನೆ ಕೇಳಿದವರು, ಎರಡು ದಿನದ ಮೇಲೆ:
ಸರ್, ಆವತ್ತೇ ಕರೆಸಿದೆ. ಐಜಿಜಿ 400ಕ್ಕಿಂತ ಕೆಳಗಿತ್ತು. ಪ್ಲಾಸ್ಮಾ ಕೊಟ್ಟರು, ಒಂದು ದಿನ ಮೂಗಿನ ನಳಿಗೆಯಲ್ಲಿ ಹಾಲು. ಮಾಸು ಪೂರ್ತಿ ಬಿದ್ದಿತ್ತು. ನಿನ್ನೆ ಸಂಜೆಯಿಂದ ತಾನೇ ಕುಡಿಯುತ್ತಿದೆ. ಈಗಷ್ಟೇ ಕೆಚ್ಚಲು ಮುಟ್ಟಿ ನೋಡಿ ಬಂದೆ, ಮೆತ್ತಗಿದೆ.